ವೀಣೆಯನ್ನು ಕೆಳಗಿಟ್ಟವರ ಹಾದಿಯಲ್ಲಿ ಐದು ದಿನ

ಮೊದಲನೆಯ ದಿನ, ಮಂಗಳವಾರ

ಮೈಸೂರಿನ ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ವೀಣೆಯೊಂದಿದೆ. ಅದನ್ನು ನುಡಿಸುವವಳು ನನ್ನ ತಂಗಿ, ಕೇಳುವವನು ನಾನು. ಕಳೆದ ದಸರೆಯ ರಜೆಯಲ್ಲಿ, ಸಂಗೀತಗಾರರಾಗಿದ್ದು ಮುಂದೆ ಪಶ್ಚಿಮದ ದೇಶಗಳಲ್ಲಿ ಸೂಫಿ ಗುರುವಾದ ಹಜರತ್ ಇನಾಯತ್ ಖಾನ್ ಅವರ ಜೀವನವನ್ನು ಓದಿ ಮುಗಿಸಿದ ದಿನ ಅವಳು ತಂತಿ ಒರೆಸುತ್ತ ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣಾ, ಇಷ್ಟು ಚೆನ್ನಾಗಿ ನುಡಿಸುತ್ತಿದ್ದವರು ವೀಣೆ ಯಾಕೆ ಬಿಟ್ಟರು?" ನನ್ನ ಬಳಿ ಉತ್ತರವಿರಲಿಲ್ಲ. ಅವರು ಹುಟ್ಟಿದ್ದು ಬರೋಡೆಯಲ್ಲಿ, ಮಣ್ಣಾದದ್ದು ದೆಹಲಿಯಲ್ಲಿ. ಡಿಸೆಂಬರಿನಲ್ಲಿ ಐದು ದಿನ ಬಿಡುವು ಮಾಡಿಕೊಂಡು ಎರಡೂ ಊರುಗಳನ್ನು ನೋಡಿ ಬರೋಣವೆಂದು ಹೊರಟೆವು.

ಬರೋಡೆಯ ಈಗಿನ ಹೆಸರು ವಡೋದರಾ. ಬೆಂಗಳೂರಿನಿಂದ ವಿಮಾನದಲ್ಲಿ ಅಲ್ಲಿಗೆ ತಲುಪಿದಾಗ ಮಧ್ಯಾಹ್ನವಾಗಿತ್ತು. ಸಂಜೆ ಸುರ್‌ಸಾಗರ ಕೆರೆಯ ಬಳಿಗೆ ಹೋದೆವು. ಕೆರೆಯ ನಡುವೆ ನಿಂತ ದೊಡ್ಡ ಶಿವನ ಮೂರ್ತಿಯನ್ನು ನೋಡಲು ಬರುವವರೇ ಅಲ್ಲಿ ಹೆಚ್ಚು. ನಾವು ಬಂದದ್ದು ದಂಡೆಯಲ್ಲಿರುವ ಸಂಗೀತ ಕಾಲೇಜಿಗಾಗಿ. ಇಂದು ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯಕ್ಕೆ ಸೇರಿರುವ ಈ ವಿದ್ಯಾಲಯದ ಬೇರು 1886ರಲ್ಲಿ ಮೂರನೆಯ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಆರಂಭವಾದ ಗಾಯನಶಾಲೆಯಲ್ಲಿದೆ. ಉಸ್ತಾದರ ಮನೆಯಲ್ಲಿ ವರ್ಷಗಟ್ಟಲೆ ಸೇವೆ ಮಾಡಿ ಕಲಿಯಬೇಕಾಗಿದ್ದ ಸಂಗೀತವನ್ನು ತರಗತಿ, ಪಠ್ಯ ಮತ್ತು ಸ್ವರಲಿಪಿಗಳ ಮೂಲಕ ಊರಿನ ಸಾಮಾನ್ಯ ಮಕ್ಕಳಿಗೂ ಕಲಿಸಬಹುದೆಂದು ಆ ಕಾಲದಲ್ಲಿ ನಂಬಿ, ಅದನ್ನು ಮಾಡಿಯೂ ತೋರಿಸಿದವರು ಇನಾಯತ್ ಖಾನರ ತಾಯಿಯ ತಂದೆ ಮೌಲಾ ಬಕ್ಷ್.

ಮೈಸೂರಿನವರಿಗೆ ಈ ಮೌಲಾ ಬಕ್ಷ್ ಅಪರಿಚಿತರಾಗಿರಬಾರದು. ಉತ್ತರದಿಂದ ಹೊರಟ ಈ ಗಾಯಕ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, ದಕ್ಷಿಣದ ಸಂಗೀತವನ್ನು ಇಲ್ಲಿಯ ವಿದ್ವಾಂಸರಿಂದಲೇ ಕಲಿತು, ಛತ್ರ ಚಾಮರಗಳ ಮರ್ಯಾದೆ ಪಡೆದು ಹೋದರೆಂದು ಅವರ ಮನೆತನದ ಚರಿತ್ರೆ ಹೇಳುತ್ತದೆ. ಅವರ ಹೆಂಡತಿ ಟಿಪ್ಪು ಸುಲ್ತಾನನ ವಂಶದ ಹುಡುಗಿ, ಅವನ ಮೊಮ್ಮಗಳು ಎಂಬ ಮಾತೂ ಅದೇ ಮನೆತನದಲ್ಲಿ ನಡೆದುಬಂದಿದೆ. ಪತ್ರಿಕೆಗಳು ಇದನ್ನು ದಾಖಲೆಯಂತೆ ಬರೆಯುತ್ತವೆ. ನಾನು ಅದನ್ನು ಮನೆಮಾತೆಂದೇ ಇಟ್ಟುಕೊಳ್ಳುತ್ತೇನೆ. ಕರ್ನಾಟಕದ ಕಡೆಯಿಂದ ಆ ಮನೆಗೆ ಖಚಿತವಾಗಿ ಹೋದದ್ದು ಸಂಗೀತ, ನನಗೆ ಅಷ್ಟು ಸಾಕು.

ಬರೋಡೆಗೂ ಮೈಸೂರಿಗೂ ಇನ್ನೊಂದು ಕಥೆಯ ನಂಟಿದೆ. ವೀಣೆ ಶೇಷಣ್ಣನವರ ವಾದನಕ್ಕೆ ಮನಸೋತು ಗಾಯಕವಾಡರು ಪಲ್ಲಕ್ಕಿಯೊಂದನ್ನು ಕೊಟ್ಟಿದ್ದರಂತೆ. ಮೈಸೂರಿನಲ್ಲಿ ಅದರಲ್ಲಿ ಕುಳಿತು ಬರಬೇಕೆಂದಾಗ ಶೇಷಣ್ಣನವರು ವೀಣೆಯನ್ನು ಪಲ್ಲಕ್ಕಿಯಲ್ಲಿಟ್ಟು ತಾವು ಪಕ್ಕದಲ್ಲಿ ನಡೆದು ಬಂದರಂತೆ. ಕೆರೆಯ ಕಟ್ಟೆಯ ಮೇಲೆ ಕುಳಿತು ಇದನ್ನು ನೆನೆಸಿಕೊಂಡಾಗ ತಂಗಿ, "ಒಬ್ಬರು ವೀಣೆಯನ್ನು ಪಲ್ಲಕ್ಕಿಗೆ ಏರಿಸಿದರು, ಇನ್ನೊಬ್ಬರು ಕೆಳಗಿಟ್ಟರು" ಎಂದಳು.

ಎರಡನೆಯ ದಿನ, ಬುಧವಾರ

ಬೆಳಿಗ್ಗೆ ಸೇವ್ ಉಸಳ್ ತಿಂದು ಯಾಕುತ್‌ಪುರದ ಕಡೆಗೆ ಆಟೋದಲ್ಲಿ ಹೊರಟೆವು. ಮಾಂಡವಿ ಬಾಗಿಲಿನ ಸುತ್ತಿನ ಹಳೆಯ ಪೇಟೆಯನ್ನು ದಾಟಿದರೆ ಓಣಿಗಳು ಕಿರಿದಾಗುತ್ತ ಹೋಗುತ್ತವೆ. ಮೌಲಾ ಬಕ್ಷರ ಮನೆ ಅಲ್ಲಿದೆ. 1882ರ ಜುಲೈ 5ರಂದು ಇನಾಯತ್ ಹುಟ್ಟಿದ್ದು ಈ ಮನೆತನದಲ್ಲಿ. ತಾಯಿ ಖತೀಜಾ ಬೀ. ತಂದೆ ರಹಮತ್ ಖಾನ್ ಪಂಜಾಬಿನ ಕಡೆಯಿಂದ ಬಂದ ಧ್ರುಪದ ಗಾಯಕರು. ಒಬ್ಬ ಸೋದರಮಾವ ಲಂಡನ್ನಿಗೆ ಹೋಗಿ ಪಾಶ್ಚಾತ್ಯ ಸಂಗೀತವನ್ನು ಕ್ರಮವಾಗಿ ಓದಿ ಬಂದವರು. ಒಂದೇ ಸೂರಿನಡಿ ಧ್ರುಪದ, ದಕ್ಷಿಣಾದಿ ಮತ್ತು ಯೂರೋಪಿನ ಸಂಗೀತ ಮೂರೂ ಕೇಳಿಬರುತ್ತಿದ್ದ ಮನೆ ಆ ಕಾಲದ ಹಿಂದೂಸ್ಥಾನದಲ್ಲಿ ಇನ್ನೆಷ್ಟಿದ್ದೀತು! ಪೂರ್ವ ಪಶ್ಚಿಮಗಳನ್ನು ಕೂಡಿಸುವ ಕೆಲಸಕ್ಕೆ ಇನಾಯತ್ ಖಾನ್ ಮುಂದೆ ಕೈಹಾಕಿದಾಗ ಅದು ಎಲ್ಲಿಂದಲೋ ಎರವಲು ತಂದ ಆದರ್ಶವಾಗಿರಲಿಲ್ಲ. ಊಟದ ಹೊತ್ತಿನಲ್ಲಿ ಹಿರಿಯರ ವಾದವಿವಾದಗಳನ್ನು ಕೇಳಿ ಬೆಳೆದ ಹುಡುಗನ ಅಭ್ಯಾಸವಾಗಿತ್ತು.

ಒಂಬತ್ತರ ವಯಸ್ಸಿನಲ್ಲಿ ಆ ಹುಡುಗ ಸಯಾಜಿರಾಯರ ಮುಂದೆ ಗಣಪತಿಯ ಸಂಸ್ಕೃತ ಸ್ತುತಿಯೊಂದನ್ನು ಹಾಡಿ ಹಾರವನ್ನೂ ವಿದ್ಯಾರ್ಥಿವೇತನವನ್ನೂ ಪಡೆದನೆಂದು ಹೇಳುತ್ತಾರೆ. ಮುಂದೆ ತಾತನ ಗಾಯನಶಾಲೆಯಲ್ಲಿಯೇ ಅಧ್ಯಾಪಕನಾದನು. ತಾತ ತೀರಿಕೊಂಡದ್ದು 1896ರಲ್ಲಿ, ಮೊಮ್ಮಗನಿಗೆ ಆಗ ಹದಿನಾಲ್ಕು ವರ್ಷ.

ಮನೆಯ ಮುಂದೆ ನಾವು ನಿಂತದ್ದು ಹತ್ತು ನಿಮಿಷವೂ ಇಲ್ಲ. ಮಕ್ಕಳು ಗಾಳಿಪಟದ ದಾರ ಸುತ್ತುತ್ತಿದ್ದರು. ಉತ್ತರಾಯಣಕ್ಕೆ ಇನ್ನೂ ಒಂದು ತಿಂಗಳಿದ್ದರೂ ಬರೋಡೆಯ ಮಾಳಿಗೆಗಳಲ್ಲಿ ತಯಾರಿ ಶುರುವಾಗಿತ್ತು. ತಂಗಿ ಗೋಡೆಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು.

ಮಧ್ಯಾಹ್ನ ಲಕ್ಷ್ಮೀವಿಲಾಸ ಅರಮನೆಯನ್ನು ನೋಡಿದೆವು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಒಂದು ಕಾಲಕ್ಕೆ ಈ ಗಾಯಕವಾಡರ ಆಸ್ಥಾನದಲ್ಲಿದ್ದರು. ಮುಂದೆ ಅವರ ಹಾಡಿಕೆ ಸವಾಯಿ ಗಂಧರ್ವರ ಮೂಲಕ ಕುಂದಗೋಳಕ್ಕೂ ಹುಬ್ಬಳ್ಳಿ ಧಾರವಾಡಗಳಿಗೂ ಹರಿದು ಬಂದ ಕಥೆ ಕನ್ನಡಿಗರಿಗೆಲ್ಲ ಗೊತ್ತಿರುವುದೇ. ಉಳಿದಂತೆ ಅರಮನೆ ಅರಮನೆಯ ಹಾಗೆ ಇತ್ತು.

ರಾತ್ರಿ ಮುಂಬಯಿಯಿಂದ ಬರುವ ಆಗಸ್ಟ್ ಕ್ರಾಂತಿ ರಾಜಧಾನಿಯನ್ನು ಹತ್ತಿದೆವು. ಅದರ ಕೊನೆಯ ನಿಲ್ದಾಣದ ಹೆಸರೇ ಹಜರತ್ ನಿಜಾಮುದ್ದೀನ್. ಊಟ ಮುಗಿಸಿ ದೀಪ ಆರಿಸುವವರೆಗೆ ತಂಗಿಗೆ ಹೈದರಾಬಾದಿನ ಕಥೆ ಹೇಳಿದೆ. ಇನಾಯತ್ ಖಾನ್ ಅಲ್ಲಿಗೆ ಹೋದದ್ದು ಸಂಗೀತಗಾರರಾಗಿ. ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅವರ ಹಾಡನ್ನೂ ವೀಣೆಯನ್ನೂ ಕೇಳಿ ತಾನಸೇನನ ಹೆಸರಿನ ಬಿರುದನ್ನಿತ್ತರು. ಆದರೆ ಆ ಊರು ಅವರಿಗೆ ಕೊಟ್ಟ ದೊಡ್ಡ ಕೊಡುಗೆ ಬಿರುದಲ್ಲ, ಗುರು. ಕನಸಿನಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದ ಮುಖವೊಂದನ್ನು ಒಂದು ದಿನ ಹೈದರಾಬಾದಿನ ಮನೆಯೊಂದರಲ್ಲಿ ಎದುರಿಗೇ ಕಂಡರು. ಅವರೇ ಚಿಶ್ತಿ ಎಂಬ ಸೂಫಿ ಪರಂಪರೆಯ ಸೈಯದ್ ಅಬೂ ಹಾಶಿಮ್ ಮದನಿ. 1907ರಲ್ಲಿ ಈ ಮುರ್ಷಿದರು, ಅಂದರೆ ಗುರುಗಳು, ತೀರಿಕೊಳ್ಳುವವರೆಗೆ ಸುಮಾರು ನಾಲ್ಕು ವರ್ಷ ಇನಾಯತ್ ಖಾನ್ ಅವರ ಬಳಿ ಇದ್ದರು.

ಆ ಗುರುಶಿಷ್ಯರ ಒಂದು ಪ್ರಸಂಗವನ್ನು ಇನಾಯತ್ ಖಾನರೇ ಮುಂದೆ ತಮ್ಮ ಶಿಷ್ಯರಿಗೆ ಹೇಳುತ್ತಿದ್ದರು. ಆರು ತಿಂಗಳ ಕಾಲ ಮುರ್ಷಿದರು ದಿನದಿನದ ಮಾತುಗಳನ್ನಲ್ಲದೆ ತತ್ತ್ವದ ಮಾತನ್ನೇ ಎತ್ತಲಿಲ್ಲ. ಒಂದು ದಿನ ಕೊನೆಗೂ ಆರಂಭಿಸಿದರು. ಶಿಷ್ಯ ಕೂಡಲೇ ಜೇಬಿನಿಂದ ಟಿಪ್ಪಣಿ ಪುಸ್ತಕವನ್ನು ತೆಗೆದ. ಗುರುಗಳು ಅಲ್ಲಿಗೇ ಆ ಮಾತನ್ನು ನಿಲ್ಲಿಸಿ ಬೇರೇನೋ ಮಾತಾಡತೊಡಗಿದರು. ಕಲಿಯಬೇಕಾದದ್ದು ಕಾಗದಕ್ಕೆ ಇಳಿಯುವಂಥದ್ದಲ್ಲವೆಂದು ಶಿಷ್ಯನಿಗೆ ಅರ್ಥವಾಯಿತು.

"ತಾತ ಸ್ವರಲಿಪಿ ಮಾಡಿದವರು, ಮೊಮ್ಮಗನಿಗೆ ಪುಸ್ತಕ ಮುಚ್ಚು ಎಂದರು" ಎಂದಳು ತಂಗಿ. ಇದು ನನಗೆ ಹೊಳೆದಿರಲಿಲ್ಲ.

ಮೂರನೆಯ ದಿನ, ಗುರುವಾರ

ಮಂಜಿನ ದೆಸೆಯಿಂದ ರೈಲು ಎರಡು ಗಂಟೆ ತಡವಾಗಿ ತಲುಪಿತು. ಭೋಗಲ್ ಕಡೆಯ ವಸತಿಗೃಹವೊಂದರಲ್ಲಿ ನಾವು ಕಾಯ್ದಿರಿಸಿದ್ದ ಕೋಣೆಯನ್ನು ಇನ್ನಾರಿಗೋ ಕೊಟ್ಟಿದ್ದರು. ಇನ್ನೊಂದು ಕೋಣೆ ಸಿಕ್ಕಿ ಸ್ನಾನ ಮುಗಿಸುವ ಹೊತ್ತಿಗೆ ಮೂರು ಗಂಟೆಯಾಯಿತು. ಗುರುವಾರ ನಿಜಾಮುದ್ದೀನ್ ಬಸ್ತಿಯಲ್ಲಿ, ಅಂದರೆ ಸೂಫಿ ಸಂತ ನಿಜಾಮುದ್ದೀನರ ದರ್ಗಾದ ಸುತ್ತಿನ ಕೇರಿಯಲ್ಲಿ, ಕಾಲಿಡಲು ಜಾಗವಿರುವುದಿಲ್ಲ. ಗುಲಾಬಿ ಎಸಳಿನ ಬುಟ್ಟಿ, ಅತ್ತರು, ಚಾದರ, ಕಬಾಬಿನ ಹೊಗೆ, ಚಪ್ಪಲಿ ಕಾಯುವವರ ಕೂಗುಗಳ ನಡುವೆ ನಡೆದು, ಗಾಲಿಬನ ಸಮಾಧಿಯನ್ನು ಹೊರಗಿನಿಂದಲೇ ನೋಡಿ ಒಳಗೆ ಹೋದೆವು.

ರೂಢಿಯಂತೆ ಮೊದಲು ಅಮೀರ್ ಖುಸ್ರೋನ ಸಮಾಧಿಗೆ ನಮಸ್ಕರಿಸಿ ಆಮೇಲೆ ಅವನ ಗುರುವಿನ ಬಳಿಗೆ ಹೋಗಬೇಕು. ಗುರು ಶಿಷ್ಯರಿಬ್ಬರೂ 1325ರಲ್ಲಿಯೇ ತೀರಿಕೊಂಡವರು. ಹಾಡನ್ನು ಆತ್ಮದ ಆಹಾರವೆಂದು ಎಣಿಸಿದ ಪರಂಪರೆ ಚಿಶ್ತಿಯರದು. ಅಜ್ಮೇರಿನ ಮೊಯಿನುದ್ದೀನರಿಂದ ದೆಹಲಿಯ ನಿಜಾಮುದ್ದೀನರಿಗೆ, ಅವರಿಂದ ಚಿರಾಗ್ ದೆಹಲಿ ಎನ್ನಿಸಿಕೊಂಡ ಸಂತರಿಗೆ, ಅವರ ಶಿಷ್ಯರಾದ ಬಂದೇನವಾಜರ ಮೂಲಕ ನಮ್ಮ ಕಲಬುರಗಿಗೂ ಬಂದದ್ದು ಇದೇ ಪರಂಪರೆ. ನಾನು ನಿಜಾಮುದ್ದೀನರ ಸಮಾಧಿಯ ಕೋಣೆಯೊಳಗೆ ಹೋಗಿ ಬಂದೆ. ತಂಗಿ ಹೊರಗೆ ಅಮೃತಶಿಲೆಯ ಜಾಲಂಧ್ರದ ಬಳಿ ಉಳಿದಳು, ಏಕೆಂದರೆ ಅಲ್ಲಿ ಹೆಂಗಸರಿಗೆ ಒಳಗೆ ಪ್ರವೇಶವಿಲ್ಲ. ಜಾಲಿಗೆ ಕೆಂಪು ದಾರ ಕಟ್ಟುತ್ತಿದ್ದ ಹತ್ತಾರು ಹೆಂಗಸರ ನಡುವೆ ಅವಳೂ ಕುಳಿತಿದ್ದಳು. ಹೊರಗೆ ಬಂದಾಗ ನಾನೇನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅಂಗಳದಲ್ಲಿಯೇ ಇರುವ ಷಹಜಹಾನನ ಮಗಳು ಜಹಾನಾರಾಳ ಗೋರಿಯನ್ನು ಅವಳು ಬಹಳ ಹೊತ್ತು ನೋಡಿದಳು. ತನ್ನ ಮೇಲೆ ಹಸಿರು ಹುಲ್ಲಿನ ಹೊರತು ಬೇರೆ ಹೊದಿಕೆ ಬೇಡವೆಂದು ಬರೆಯಿಸಿಕೊಂಡವಳು ಆಕೆ.

ನಾಲ್ಕನೆಯ ದಿನ, ಶುಕ್ರವಾರ

ಅದೇ ಬಸ್ತಿಯ ಒಳಓಣಿಯೊಂದರಲ್ಲಿ ಇನಾಯತ್ ಖಾನರ ದರ್ಗಾ ಇದೆ. ಗುರುವಾರದ ಜಾತ್ರೆಯಿಂದ ಬಂದವರಿಗೆ ಇಲ್ಲಿಯ ಮೌನ ಕಿವಿಗೆ ತಟ್ಟುತ್ತದೆ. ಬಾಗಿಲು ದಾಟಿದರೆ ಮರಗಳು, ಮೆಟ್ಟಿಲು, ಕಲ್ಲಿನ ಜಾಲಿ, ನಡುವೆ ಹಳದಿ ಬಟ್ಟೆ ಹೊದಿಸಿದ ಸಮಾಧಿ. ತಂಗಿ ಹೊಸಿಲ ಬಳಿ ತಡೆದು ನಿಂತಳು. ದರ್ಗಾದ ಹಿರಿಯರೊಬ್ಬರು ಹಿಂದಿಯಲ್ಲಿ, "ಬಾ ಮಗಳೇ, ಒಳಗೆ ಬಾ, ಎಲ್ಲಿ ಬೇಕಾದರೂ ಕುಳಿತುಕೋ" ಎಂದರು. ಅವಳು ಹೋಗಿ ಸಮಾಧಿಯ ಪಕ್ಕದಲ್ಲಿಯೇ ಕುಳಿತಳು.

ಇದು ಇಂದಿನವರ ಔದಾರ್ಯ ಮಾತ್ರವಲ್ಲ. ಇನಾಯತ್ ಖಾನರು 1911ರಲ್ಲಿ ಅಮೆರಿಕದಲ್ಲಿ ದೀಕ್ಷೆ ಕೊಟ್ಟ ಮೊದಲ ಶಿಷ್ಯೆ ಸ್ಯಾನ್ ಫ್ರಾನ್ಸಿಸ್ಕೊದ ಆಡಾ ಮಾರ್ಟಿನ್. ರಾಬಿಯಾ ಎಂಬ ಹೆಸರು ಪಡೆದ ಆಕೆಯನ್ನು ಮುಂದೆ ಮುರ್ಷಿದಾ, ಅಂದರೆ ದೀಕ್ಷೆ ಕೊಡುವ ಅಧಿಕಾರವುಳ್ಳ ಗುರು ಎಂದೇ ನೇಮಿಸಿದರು. ಅವರು ಹೀಗೆ ಮುರ್ಷಿದಾ ಪದವಿಗೇರಿಸಿದ ಹೆಂಗಸರು ನಾಲ್ವರು. 1920ರ ದಶಕದಲ್ಲಿ ಒಬ್ಬ ಸೂಫಿ ಗುರು ಇದನ್ನು ಮಾಡಿದರೆಂಬುದನ್ನು ಅವರ ಪ್ರಶಂಸಕರು ಕೂಡ ಸಾಕಷ್ಟು ಹೇಳುವುದಿಲ್ಲವೆಂದು ನನಗನ್ನಿಸುತ್ತದೆ. ಅವರ ಪ್ರೇಮ, ಸಾಮರಸ್ಯ, ಸೌಂದರ್ಯಗಳ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ಅಧಿಕಾರವನ್ನು ಯಾರ ಕೈಗೆ ಕೊಟ್ಟರೆಂಬುದು ಅದಕ್ಕಿಂತ ಗಟ್ಟಿಯಾದ ಸಾಕ್ಷಿ.

ಮಧ್ಯಾಹ್ನವೆಲ್ಲ ಅಲ್ಲಿಯೇ ಕುಳಿತಿದ್ದೆವು. ತಂಗಿಯ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಅವರ ಪಶ್ಚಿಮದ ವರ್ಷಗಳನ್ನು ಮನಸ್ಸಿನಲ್ಲಿ ಸಾಲಾಗಿ ಇಟ್ಟು ನೋಡಿದೆ. 1909ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಗಾಗಿ ಅವರು ಹಾಡಿದ ಸುಮಾರು ಮೂವತ್ತು ಹಾಡುಗಳು ಇಂದಿಗೂ ಕೇಳಸಿಗುತ್ತವೆ. ತೆಳ್ಳಗಿನ, ಏರುದನಿಯ ಕಂಠ. ಕಲ್ಕತ್ತದಲ್ಲಿಯೇ, ರಾಜಮಹಾರಾಜರು ಕೊಟ್ಟ ಪದಕಗಳ ಚೀಲವನ್ನು ಗಾಡಿಯಲ್ಲಿ ಮರೆತು ಕಳೆದುಕೊಂಡರೆಂದೂ, ಮೊದಲು ಕುಸಿದುಹೋದರೂ ಕೊನೆಗೆ ಅದೊಂದು ಬಿಡುಗಡೆಯೆನ್ನಿಸಿತೆಂದೂ ಹೇಳುತ್ತಾರೆ. 1910ರ ಸೆಪ್ಟೆಂಬರ್ 13ರಂದು ತಮ್ಮ ಮಹಬೂಬ್ ಖಾನ್ ಮತ್ತು ಸೋದರ ಸಂಬಂಧಿ ಮಹಮ್ಮದ್ ಅಲಿ ಖಾನರೊಡನೆ ಬೊಂಬಾಯಿಯಲ್ಲಿ ಹಡಗು ಹತ್ತಿದರು. ಪೂರ್ವ ಪಶ್ಚಿಮಗಳನ್ನು ನಿನ್ನ ಸಂಗೀತದಿಂದ ಒಂದು ಶ್ರುತಿಗೆ ತಾ ಎಂಬುದು ಮುರ್ಷಿದರ ಆಜ್ಞೆಯಾಗಿತ್ತು. ನ್ಯೂಯಾರ್ಕಿನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನುಡಿಸಿದರು. ಹೊಟ್ಟೆಪಾಡಿಗಾಗಿ ನರ್ತಕಿ ರೂತ್ ಸೇಂಟ್ ಡೆನಿಸ್ ಅವರ ತಂಡದೊಡನೆ ಅಮೆರಿಕದಲ್ಲಿ ಊರೂರು ಸುತ್ತಿದರು. ಬರೋಡೆಯಲ್ಲಿ ಮಹಾರಾಜರ ಎದುರು ಕುಳಿತು ಹಾಡಿದವರಿಗೆ, ಟಿಕೆಟು ಕೊಂಡು ಬಂದು ವೇಷಭೂಷಣವನ್ನು ಬೆರಗಿನಿಂದ ನೋಡುವವರ ಮುಂದೆ ಕುಣಿತದ ಹಿನ್ನೆಲೆಗೆ ನುಡಿಸುವುದು ಹೇಗಿದ್ದಿರಬಹುದು!

ಅಮೆರಿಕದ ಓರಾ ರೇ ಬೇಕರ್ ಅವರನ್ನು 1913ರಲ್ಲಿ ಲಂಡನ್ನಿನಲ್ಲಿ ಮದುವೆಯಾದರು. ಆಕೆ ಅಮೀನಾ ಬೇಗಂ ಆದರು. ಹಿರಿಯ ಮಗಳು ನೂರ್ ಹುಟ್ಟಿದ್ದು 1914ರ ಜನವರಿ 1ರಂದು ಮಾಸ್ಕೋದಲ್ಲಿ. ಮೊದಲ ಮಹಾಯುದ್ಧದ ವರ್ಷಗಳು ಲಂಡನ್ನಿನಲ್ಲಿ ಬಡತನದಲ್ಲಿ ಕಳೆದವು. ಶ್ರೋತೃಗಳು ಕಡಿಮೆಯಾಗಿ ಮುರೀದರು, ಅಂದರೆ ದೀಕ್ಷೆ ಪಡೆದ ಶಿಷ್ಯರು, ಹೆಚ್ಚಾದದ್ದು, ಕಛೇರಿಗಳು ಉಪನ್ಯಾಸಗಳಾದದ್ದು ಆಗಲೇ. 1922ರಲ್ಲಿ ಡಚ್ ಶಿಷ್ಯೆಯೊಬ್ಬರ ನೆರವಿನಿಂದ ಪ್ಯಾರಿಸ್ಸಿನ ಬಳಿಯ ಸುರೆನ್ ಎಂಬಲ್ಲಿ ಫಜಲ್ ಮಂಜಿಲ್ ಎಂಬ ಮನೆ ದೊರೆಯಿತು. ಅಲ್ಲಿ ಬೇಸಿಗೆ ಶಾಲೆಗಳು ನಡೆದವು. ಟಿಪ್ಪಣಿ ಪುಸ್ತಕ ತೆಗೆದದ್ದಕ್ಕೆ ಗುರುವಿನ ಮೌನವನ್ನು ಉಂಡವರು, ಇಲ್ಲಿ ತಮ್ಮ ಮಾತೆಲ್ಲವನ್ನೂ ಸಕೀನಾ ಫುರ್ನೆ ಎಂಬ ಶಿಷ್ಯೆ ಶೀಘ್ರಲಿಪಿಯಲ್ಲಿ ಇಳಿಸಿಕೊಳ್ಳಲು ಒಪ್ಪಿದರು. ಇಂದು ಅವರ ಹೆಸರಿನಲ್ಲಿರುವ ಸಂಪುಟಗಳಲ್ಲಿ ಹೆಚ್ಚಿನವು ಹೀಗೆ ಕಿವಿಯಿಂದ ಕಾಗದಕ್ಕೆ ಬಂದವು.

ವೀಣೆ ಬಿಟ್ಟದ್ದರ ಬಗ್ಗೆ ಅವರೇ ಹೇಳಿದ ಮಾತಿನ ಸಾರ ಇಷ್ಟು: ಸಂಗೀತದಿಂದ ಪಡೆಯಬೇಕಾದುದನ್ನೆಲ್ಲ ಪಡೆದೆ, ದೇವರ ಕೆಲಸಕ್ಕೆ ಅತ್ಯಂತ ಪ್ರಿಯವಾದುದನ್ನೇ ಕೊಡಬೇಕಾಗುತ್ತದೆ, ಆದ್ದರಿಂದ ಕೊಟ್ಟೆ, ಈಗ ವಾದ್ಯಗಳ ಬದಲು ಜೀವಗಳ ಶ್ರುತಿ ಕೂಡಿಸುತ್ತಿದ್ದೇನೆ. ಇದನ್ನು ಓದಿ ಹೇಳಿದಾಗ ತಂಗಿ ಒಪ್ಪಲಿಲ್ಲ. "ಇದು ಆಮೇಲೆ ಹೇಳಿದ್ದು ಅಣ್ಣಾ. ಕೈ ಬೆರಳಿನ ಕಾಯಿ ಮೆತ್ತಗಾಗುತ್ತ ಬರುವಾಗ ಅವರಿಗೆ ಏನನ್ನಿಸಿತೋ ಅದನ್ನು ಹೇಳಿಲ್ಲ" ಎಂದಳು. ದಿನವೂ ತಂತಿಯ ಮೇಲೆ ಬೆರಳಾಡಿಸುವವಳ ಈ ಮಾತಿಗೆ ನಾನು ಎದುರಾಡಲಿಲ್ಲ.

ಸಂಜೆ ಕವ್ವಾಲರು ಬಂದರು. ಎರಡು ಹಾರ್ಮೋನಿಯಂ, ಒಂದು ಡೋಲಕ್. ಕೇಳಲು ಕುಳಿತವರು ಮೂವತ್ತು ಜನರಿರಬಹುದು. ಅವರಲ್ಲಿ ಬಸ್ತಿಯ ಮಕ್ಕಳು, ಯೂರೋಪಿನ ಕೆಲವರು, ಕೈಯಲ್ಲಿ ಹೆಲ್ಮೆಟ್ ಹಿಡಿದೇ ಕುಳಿತ ಒಬ್ಬ ಹುಡುಗ. ಖುಸ್ರೋನ ರಚನೆಗಳನ್ನು ಹಾಡಿದರು. ವಾದ್ಯವನ್ನು ತ್ಯಜಿಸಿದವರ ಸಮಾಧಿಯ ಮುಂದೆ ವಾರವಾರವೂ ವಾದ್ಯ ನುಡಿಯುತ್ತದೆ.

ಐದನೆಯ ದಿನ, ಶನಿವಾರ

ಮರಳಿ ಹೊರಡುವ ಮುನ್ನ ಇನ್ನೊಮ್ಮೆ ಬಸ್ತಿಗೆ ಹೋದೆವು. 1926ರ ಕೊನೆಯಲ್ಲಿ ದಣಿದು ಹೋಗಿದ್ದ ಇನಾಯತ್ ಖಾನ್ ಹದಿನಾರು ವರ್ಷಗಳ ಬಳಿಕ ಹಿಂದೂಸ್ಥಾನಕ್ಕೆ ಬಂದರು, ಅಜ್ಮೇರಿಗೆ ಹೋಗಿ ಬಂದರು, 1927ರ ಫೆಬ್ರವರಿ 5ರಂದು ದೆಹಲಿಯಲ್ಲಿ ತೀರಿಕೊಂಡರು. ಆಗ ಅವರಿಗೆ ನಲವತ್ನಾಲ್ಕು ವರ್ಷ. ಪ್ರತಿ ವರ್ಷ ಆ ದಿನ ಇಲ್ಲಿ ಉರುಸ್ ನಡೆಯುತ್ತದೆ.

ಸುರೆನ್‌ನ ಆ ಮನೆಯಲ್ಲಿ ತಂದೆಯಿಲ್ಲದೆ ಬೆಳೆದ ನಾಲ್ಕು ಮಕ್ಕಳಲ್ಲಿ ನೂರ್‌ಳ ಹೆಸರು ಇಂದು ತಂದೆಯದಕ್ಕಿಂತ ಹೆಚ್ಚು ಜನರಿಗೆ ಗೊತ್ತು. ಜಾತಕ ಕಥೆಗಳನ್ನು ಮಕ್ಕಳಿಗಾಗಿ ಬರೆದ ಆಕೆ 1943ರಲ್ಲಿ ಬ್ರಿಟನ್ನಿನ ರಹಸ್ಯದಳದ ನಿಸ್ತಂತು ಸಂದೇಶಗಾರ್ತಿಯಾಗಿ, ಜರ್ಮನರು ಆಕ್ರಮಿಸಿದ್ದ ಫ್ರಾನ್ಸಿಗೆ ಇಳಿದರು. ಆ ಕೆಲಸಕ್ಕೆ ಅಲ್ಲಿಗೆ ಕಳುಹಿಸಲ್ಪಟ್ಟ ಮೊದಲ ಹೆಂಗಸು ಆಕೆಯೇ. 1944ರ ಸೆಪ್ಟೆಂಬರ್ 13ರಂದು ದಾಖಾವ್ ಶಿಬಿರದಲ್ಲಿ ಆಕೆಯನ್ನು ಕೊಂದರು. ತಂದೆ ಬೊಂಬಾಯಿ ಬಿಟ್ಟದ್ದೂ ಅದೇ ತಾರೀಖಿನಂದು. ನೂರ್ ವೀಣೆ ಹಿಡಿದು ಕುಳಿತಿರುವ ಹಳೆಯ ಚಿತ್ರವೊಂದಿದೆ. ತಂಗಿ ಅದನ್ನು ಮೊಬೈಲಿನಲ್ಲಿ ತೆಗೆದು, "ಮನೆಯಿಂದ ವೀಣೆ ಹೋಗಿರಲಿಲ್ಲ" ಎಂದಳು.

ಮಗ ಪೀರ್ ವಿಲಾಯತ್ ತಂದೆಯ ಸಾಧನಾಕ್ರಮವನ್ನು ಯೂರೋಪ್ ಅಮೆರಿಕಗಳಲ್ಲಿ ದಶಕಗಳ ಕಾಲ ಕಲಿಸಿ 2004ರಲ್ಲಿ ತೀರಿಕೊಂಡರು. ಅವರನ್ನೂ ತಂದು ಮಣ್ಣು ಮಾಡಿದ್ದು ಈ ಬಸ್ತಿಯಲ್ಲಿಯೇ. 1975ರಲ್ಲಿ ಇಲ್ಲಿಯ ತಾಯಂದಿರಿಗೂ ಮಕ್ಕಳಿಗೂ ಹಾಲು ಹಂಚುವುದರಿಂದ ಅವರು ಆರಂಭಿಸಿದ ಹೋಪ್ ಪ್ರಾಜೆಕ್ಟ್ ಇಂದು ಶಾಲೆ, ಚಿಕಿತ್ಸಾಲಯ, ಕಸುಬಿನ ತರಬೇತಿಗಳನ್ನು ನಡೆಸುತ್ತಿದೆ. ಶನಿವಾರವಾದರೂ ಓಣಿಯಲ್ಲಿ ಪಾಟೀಚೀಲ ಹೊತ್ತ ಹುಡುಗಿಯರು ಎದುರಾದರು.

ದರ್ಗಾದ ಅಂಗಳದಲ್ಲಿ ಬೆಳಗಿನ ಬಿಸಿಲು ಇನ್ನೂ ಎಳೆಯದಾಗಿತ್ತು. ಇನಾಯತ್ ಖಾನರ ಶಿಷ್ಯರು ದಿನವೂ ಮೊದಲು ಮಾಡುವ ಉಸಿರಿನ ಅಭ್ಯಾಸವನ್ನು ಮಾಡಿ ನೋಡೋಣವೆಂದಳು ತಂಗಿ. ನೋಡಲು ಬಹಳ ಸರಳ. ನಿಂತುಕೊಂಡು ಪೃಥ್ವಿಯನ್ನು ನೆನೆದು ಮೂಗಿನಿಂದ ಒಳಗೆ, ಮೂಗಿನಿಂದಲೇ ಹೊರಗೆ. ಜಲವನ್ನು ನೆನೆದು ಮೂಗಿನಿಂದ ಒಳಗೆ, ಬಾಯಿಂದ ಹೊರಗೆ. ಅಗ್ನಿಯನ್ನು ನೆನೆದು ಬಾಯಿಂದ ಒಳಗೆ, ಮೂಗಿನಿಂದ ಹೊರಗೆ. ವಾಯುವನ್ನು ನೆನೆದು ಬಾಯಿಂದಲೇ ಒಳಗೂ ಹೊರಗೂ. ಒಂದೊಂದಕ್ಕೆ ಐದರಂತೆ ಇಪ್ಪತ್ತು ಉಸಿರು. ಇದಾದ ಮೇಲೆ ದೇವರ ಹೆಸರುಗಳನ್ನು ಜಪಿಸುವ ವಜೀಫಾ, ಆಮೇಲೆ ದೇವರ ಸ್ಮರಣೆಯಾದ ಜಿಕ್ರ್. ಎಲ್ಲದಕ್ಕೂ ತಳಪಾಯ ಉಸಿರಿನ ಲಯ. ಅವರು ಧ್ಯಾನವನ್ನು ಮೌನವೆಂದಷ್ಟೇ ಕಲಿಸಲಿಲ್ಲ. ಎಣಿಕೆ, ಸ್ವರ, ಲಯಗಳ ಮೇಲೆ ನಿಲ್ಲಿಸಿ ಕಲಿಸಿದರು. ಮೈಸೂರಿನಲ್ಲಿ ಬೆಳಗಿನ ಜಾವ ತಂಗಿ ಸರಳೆ ಜಂಟಿಗಳನ್ನು ಮೂರು ಕಾಲದಲ್ಲಿ ನುಡಿಸುವುದನ್ನು ಇಷ್ಟು ವರ್ಷ ಕೇಳಿದ ನನ್ನ ಕಿವಿಗೆ ಇದು ಹೊಸದೆನ್ನಿಸಲಿಲ್ಲ.

ಅವಳು ಕಣ್ಣು ಮುಚ್ಚಿ ನಿಂತಳು. ಹದಿಮೂರೋ ಹದಿನಾಲ್ಕೋ ಉಸಿರಾಗಿರಬೇಕು, ಓಣಿಯಲ್ಲಿ ಚಹಾದವನು ಕೂಗಿದ. ಅವಳು ಕಣ್ಣು ಬಿಟ್ಟು, "ಲೆಕ್ಕ ತಪ್ಪಿತು, ಅಣ್ಣಾ" ಎಂದು ನಕ್ಕು, ಮತ್ತೆ ಪೃಥ್ವಿಯಿಂದ ಆರಂಭಿಸಿದಳು. ನಾನು ಹೊರಗೆ ಹೋಗಿ ಎರಡು ಲೋಟ ಚಹಾ ತಂದೆ.